ಎಆರ್‌ನಲ್ಲಿ ಕೈಸನ್ನೆ ತಪ್ಪುತ್ತಿದೆ, ಯಾವ ಮಾಡೆಲ್ ಬಳಸಲಿ?

ಎಆರ್ ಅಂದರೆ ಕಣ್ಣೆದುರಿನ ನಿಜವಾದ ಕೋಣೆಯಲ್ಲೇ ಕಂಪ್ಯೂಟರ್ ವಸ್ತುಗಳನ್ನು ಕೂರಿಸಿ ತೋರಿಸುವುದು. ನಿಮ್ಮ ಎಆರ್ ಹೆಡ್‌ಸೆಟ್ ಮೇಜಿನ ಮೇಲಿದ್ದಾಗ ಹನ್ನೆರಡು ಸನ್ನೆಯೂ ಸರಿಯಾಗಿ ಗುರುತಾಗುತ್ತವೆ, ತಲೆಗೆ ಹಾಕಿಕೊಂಡು ಪಿಂಚ್ ಮಾಡಿದರೆ (ಹೆಬ್ಬೆರಳು, ತೋರುಬೆರಳ ತುದಿ ಜೋಡಿಸಿದರೆ) ಪಕ್ಕದ ವಸ್ತು ಕೈಗೆ ಬರುತ್ತದೆ ಅಂದಿದ್ದೀರಿ. ನನಗೂ ಹಾಗೇ ಆಗಿತ್ತು. ಮಾಡೆಲ್, ಅಂದರೆ ಚಿತ್ರಗಳನ್ನು ನೋಡಿ ಸನ್ನೆ ಗುರುತಿಸಲು ಕಲಿತ ಪ್ರೋಗ್ರಾಂ, ಬದಲಿಸಬೇಡಿ. ಟ್ರೇನಿಂಗ್‌ಗೆ ಇನ್ನಷ್ಟು ಫೋಟೊ ಸೇರಿಸಲೂ ಹೋಗಬೇಡಿ.

ನಾವು ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿಸುವ ಆಪ್ ಮಾಡುತ್ತಿದ್ದೆವು. ಗಾಳಿಯಲ್ಲಿ ಕಾಣುವ ಬಿಡಿಭಾಗವನ್ನು ಎರಡು ಬೆರಳಲ್ಲಿ ಹಿಡಿದು ಅದರ ಜಾಗದಲ್ಲಿ ಕೂರಿಸಬೇಕು. ಕೈ ಗುರುತಿಸಲು ಗೂಗಲ್ 2019ರಲ್ಲಿ ಹೊರತಂದ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ಇತ್ತು. ಅದು ಮೊದಲು ಅಂಗೈ ಹುಡುಕುತ್ತದೆ, ಆಮೇಲೆ ಚಿತ್ರದ ಅಷ್ಟೇ ಭಾಗದಲ್ಲಿ ಗೆಣ್ಣು, ಬೆರಳ ತುದಿಯಂಥ 21 ಬಿಂದು ಗುರುತಿಸುತ್ತದೆ. ಮುಂದಿನ ಫ್ರೇಮ್‌ನಲ್ಲಿ (ವಿಡಿಯೊದ ಮುಂದಿನ ಚಿತ್ರದಲ್ಲಿ) ಹಿಂದಿನ ಬಿಂದುಗಳ ಆಸುಪಾಸಿನಲ್ಲೇ ನೋಡುತ್ತದೆ. ಕೈ ತಪ್ಪಿಹೋದರೆ ಮಾತ್ರ ಮತ್ತೆ ಮೊದಲಿನಿಂದ. ಅಷ್ಟು ವೇಗವಾಗಿರುವುದು ಇದರಿಂದಲೇ.

ತಪ್ಪು ಭಾಗ ಕೈಗೆ ಬಂದಾಗಲೆಲ್ಲ ನಾನು ಸನ್ನೆ ಗುರುತಿಸುವ ಮಾಡೆಲನ್ನೇ ದೂರಿದೆ. ಬೇರೆ ಬೇರೆ ಬೆಳಕಲ್ಲಿ, ಬೇರೆ ಬೇರೆ ಮೈಬಣ್ಣದ ಕೈಗಳ ವಿಡಿಯೊ ತೆಗೆದೆವು, ಲೇಬಲ್ ಹಾಕಿದೆವು, ಮತ್ತೆ ಟ್ರೇನ್ ಮಾಡಿದೆವು. ಟೆಸ್ಟ್‌ನಲ್ಲಿ ಅಂಕ ಏರಿತು. ತಲೆಗೆ ಹಾಕಿಕೊಂಡರೆ ಅದೇ ಗೋಳು. ಬಿಂದುಗಳು ನಡುಗುತ್ತಿರಬಹುದು ಅಂತ ನಡುಕ ಕಡಿಮೆ ಮಾಡುವ ಫಿಲ್ಟರ್ ಹಾಕಿದೆ, ಇನ್ನೂ ಹದಗೆಟ್ಟಿತು. ಕೊನೆಗೆ ಕೆಲಸ ಕೊಟ್ಟವರು ತಾಳ್ಮೆ ಕಳೆದುಕೊಂಡು ಯೋಜನೆಯನ್ನೇ ಕೈಬಿಟ್ಟರು.

ತಪ್ಪು ಇದ್ದದ್ದು ಕೋಡ್‌ನ ಒಂದೇ ಒಂದು ಸಾಲಿನಲ್ಲಿ. ನಿಮ್ಮಲ್ಲೂ ಅದೇ ಇದೆ ಅಂತ ಬಲವಾದ ಅನುಮಾನ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾ ಒಂದು ಫ್ರೇಮ್ ಹಿಡಿಯಿತು. ಅದು ಮಾಡೆಲ್ ಒಳಗೆ ಹೋಗಿ ಬಿಂದುಗಳಾಗಿ ಹೊರಬರಲು 60 ಮಿಲಿಸೆಕೆಂಡ್ ಬೇಕಾಯಿತು ಅನ್ನಿ. ಆ ಬಿಂದುಗಳು ಇರುವುದು ಕ್ಯಾಮೆರಾದ ಲೆಕ್ಕದಲ್ಲಿ (ಕ್ಯಾಮೆರಾದಿಂದ ಯಾವ ದಿಕ್ಕಿಗೆ, ಎಷ್ಟು ದೂರ), ಬಿಡಿಭಾಗ ಇರುವುದು ಕೋಣೆಯ ಲೆಕ್ಕದಲ್ಲಿ (ಕೋಣೆಯ ಯಾವ ಜಾಗದಲ್ಲಿ). ಎರಡನ್ನೂ ಒಂದೇ ಲೆಕ್ಕಕ್ಕೆ ತರಲು ಕ್ಯಾಮೆರಾ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ಗೊತ್ತಿರಬೇಕು, ಅಂದರೆ ಕ್ಯಾಮೆರಾದ ಪೋಸ್ ಬೇಕು. ನಾನು ಬಿಂದುಗಳು ಬಂದು ತಲುಪಿದ ಕ್ಷಣದ ಪೋಸ್ ತೆಗೆದುಕೊಳ್ಳುತ್ತಿದ್ದೆ. ಬೇಕಿದ್ದದ್ದು ಫ್ರೇಮ್ ಹಿಡಿದ ಕ್ಷಣದ್ದು. ಅಷ್ಟರಲ್ಲಿ ತಲೆ ತಿರುಗಿರುತ್ತದೆ ಅಲ್ವಾ? ಸೆಕೆಂಡಿಗೆ 100 ಡಿಗ್ರಿಯಂತೆ ತಿರುಗಿದರೆ 60 ಮಿಲಿಸೆಕೆಂಡಿಗೆ 6 ಡಿಗ್ರಿ. ಕೈ ಅರ್ಧ ಮೀಟರ್ ದೂರದಲ್ಲಿದ್ದರೆ ಸುಮಾರು 5 ಸೆಂಟಿಮೀಟರ್ ಆಚೀಚೆ. ಅಲ್ಲಿರುವುದು ಪಕ್ಕದ ಬಿಡಿಭಾಗ!

ಪಿಂಚ್ ಮಾತ್ರ ಸರಿಯಾಗೇ ಗುರುತಾಗುತ್ತಿತ್ತು. ತಲೆ ಎತ್ತ ತಿರುಗಿದರೂ ಎರಡು ಬೆರಳ ನಡುವಿನ ಅಂತರ ಬದಲಾಗುವುದಿಲ್ಲ. ಮೇಜಿನ ಮೇಲಿನ ಹೆಡ್‌ಸೆಟ್ ಅಲುಗುವುದಿಲ್ಲವಾದ್ದರಿಂದ ಎರಡೂ ಕ್ಷಣದ ಪೋಸ್ ಒಂದೇ, ತಪ್ಪು ಕಣ್ಣಿಗೇ ಬೀಳುವುದಿಲ್ಲ. ಫಿಲ್ಟರ್ ಬಿಂದುಗಳನ್ನು ಇನ್ನಷ್ಟು ತಡ ಮಾಡುತ್ತಿತ್ತು, ಹಾಗಾಗಿ ಅಂತರವೂ ಬೆಳೆಯುತ್ತಿತ್ತು.

ನಿಮ್ಮಲ್ಲೂ ಇದೇನಾ ಅಂತ ಹೀಗೆ ನೋಡಿ. ಕೈಯನ್ನು ಮೇಜಿಗೆ ಒತ್ತಿಟ್ಟು, ಕೈ ಮೇಲಿನ ನೋಟ ತಪ್ಪದಷ್ಟು ತಲೆಯನ್ನು ಎಡಬಲ ಆಡಿಸಿ. ತೋರುಬೆರಳ ತುದಿ ಕೋಣೆಯಲ್ಲಿ ಎಲ್ಲಿದೆ ಅನ್ನುವುದನ್ನು ಲಾಗ್ ಮಾಡಿ, ಅಂದರೆ ಕ್ಷಣಕ್ಷಣಕ್ಕೂ ದಾಖಲಿಸಿ. ತಲೆಯ ಜೊತೆ ಅದೂ ಓಲಾಡಿದರೆ ಮೊದಲು ಇದನ್ನೇ ಹಿಡಿಯಿರಿ. ಇತ್ತೀಚಿನ ಪೋಸ್‌ಗಳನ್ನು ಟೈಮ್‌ಸ್ಟ್ಯಾಂಪ್ (ಯಾವ ಕ್ಷಣದ್ದು ಅನ್ನುವ ಗುರುತು) ಸಮೇತ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಇಟ್ಟುಕೊಳ್ಳಿ. ಬಿಂದುಗಳು ಬಂದಾಗ ಆ ಫ್ರೇಮ್‌ನ ಹೊತ್ತಿಗೆ ಹಿಂದೆ ಮುಂದೆ ಇರುವ ಎರಡು ಪೋಸ್ ಹುಡುಕಿ, ನಡುವಿನದನ್ನು ಲೆಕ್ಕ ಹಾಕಿ. ಫ್ರೇಮ್‌ನದ್ದು, ಪೋಸ್‌ನದ್ದು ಎರಡೂ ಟೈಮ್‌ಸ್ಟ್ಯಾಂಪ್ ಒಂದೇ ಗಡಿಯಾರದ್ದಾಗಿರಬೇಕು, ಇದನ್ನು ತಪ್ಪದೆ ನೋಡಿ.

ಫಿಲ್ಟರ್ ಬೇಕೆನಿಸಿದರೆ ಕೋಣೆಯ ಲೆಕ್ಕಕ್ಕೆ ತಂದ ಮೇಲೆ ಹಾಕಿ. 2012ರಲ್ಲಿ ಬಂದ ಒನ್ ಯೂರೋ ಫಿಲ್ಟರ್ ನನಗೆ ಇಷ್ಟ. ಕೈ ನಿಧಾನವಾಗಿದ್ದಾಗ ನಡುಕ ಅಡಗಿಸುತ್ತದೆ, ಬೀಸಿದಾಗ ತಡಮಾಡದೆ ಹಿಂದೆಯೇ ಬರುತ್ತದೆ.

ಇನ್ನು ಆ ಹನ್ನೆರಡು ಸನ್ನೆ. ದಯವಿಟ್ಟು ಬಿಡಿ. ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಕೂಡ ಕಣ್ಣಲ್ಲಿ ನೋಡು, ಪಿಂಚ್ ಮಾಡು ಅನ್ನುವುದರ ಮೇಲೇ ಹೆಚ್ಚಿನ ಕೆಲಸ ನಡೆಸುತ್ತದೆ. ಪಿಂಚ್‌ನಲ್ಲಿ ಬೆರಳಿಗೆ ಬೆರಳು ತಾಗಿದ್ದು ಬಳಸುವವರಿಗೇ ಗೊತ್ತಾಗುತ್ತದೆ, ಗಾಳಿಯಲ್ಲಿ ಮಾಡುವ ಬೇರೆ ಸನ್ನೆಗೆ ಆ ಸುಖವಿಲ್ಲ. ಅದಕ್ಕೆ ಮಾಡೆಲ್ ಟ್ರೇನ್ ಮಾಡುವ ಅಗತ್ಯವೂ ಇಲ್ಲ. ಎರಡು ಬೆರಳ ತುದಿಗಳ ಅಂತರವನ್ನು ಅಂಗೈ ಅಗಲದಿಂದ ಭಾಗಿಸಿ, ಚಿಕ್ಕ ಕೈಗೂ ದೊಡ್ಡ ಕೈಗೂ ಒಂದೇ ಲೆಕ್ಕ ಸಾಕು. ಹಿಡಿಯಲು ಒಂದು ಮಿತಿ, ಬಿಡಲು ಅದಕ್ಕಿಂತ ದೊಡ್ಡ ಮಿತಿ ಇಡಿ. ಇಲ್ಲದಿದ್ದರೆ ಹಿಡಿದದ್ದು ಸುಮ್ನೆ ಜಾರುತ್ತಿರುತ್ತದೆ.

ಮಾಡೆಲ್‌ಗಳ ಹೋಲಿಕೆ ಕೇಳಿದ್ದೀರಿ. ನಿಮ್ಮ ಹೆಡ್‌ಸೆಟ್ ಓಪನ್‌ಎಕ್ಸ್‌ಆರ್ (ಆಪ್‌ಗಳು ಬೇರೆ ಬೇರೆ ಹೆಡ್‌ಸೆಟ್ ಜೊತೆ ಒಂದೇ ರೀತಿ ಮಾತಾಡಲು ಇರುವ ಮಾನದಂಡ) ಮೂಲಕ ಕೈಯ 26 ಬಿಂದುಗಳನ್ನು ತಾನೇ ಕೊಡುತ್ತಿದ್ದರೆ ಅದನ್ನೇ ಬಳಸಿ. ಅಲ್ಲಿ ಯಾವ ಲೆಕ್ಕದಲ್ಲಿ ಬೇಕು, ಯಾವ ಕ್ಷಣದ್ದು ಬೇಕು ಅಂತ ಎರಡನ್ನೂ ಕೊಟ್ಟೇ ಬಿಂದುಗಳನ್ನು ಕೇಳಬೇಕು, ಹಾಗಾಗಿ ನಾನು ಮಾಡಿದ ತಪ್ಪಿಗೆ ಅಲ್ಲಿ ಜಾಗ ಕಡಿಮೆ.