ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪಟ್ಟಿಯಲ್ಲಿ ಹತ್ತಿರದ ಖಾಸಗಿ ಶಾಲೆಯೇ ಇಲ್ಲ. ಮಗಳ ಶಿಕ್ಷಣದ ಹಕ್ಕು ಹೋಯಿತೇ? ಸಾಲ ಮಾಡಿ ಸೇರಿಸಲೇ?

ಹಕ್ಕು ಹೋಗಿಲ್ಲ, ಸಾಲವನ್ನೂ ಮಾಡಬೇಡಿ. ನಿಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ ಎಂಬ ಕಾರಣಕ್ಕೆ ಖಾಸಗಿ ಶಾಲೆಯನ್ನು ಕೈಬಿಟ್ಟಿದ್ದಾರೆ ಎಂದು ಬರೆದಿದ್ದೀರಿ. ಒಂದು ಕಾಲಕ್ಕೆ ನನ್ನ ಪ್ರಶ್ನೆಯೂ ಇದೇ ಆಗಿತ್ತು. ಆಮೇಲೆ ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ಕಾಯ್ದೆಯನ್ನು ಸಾಲು ಸಾಲು ಓದಿದಾಗ ತಿಳಿದದ್ದು, ಖಾಸಗಿ ಶಾಲೆಗಳು ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕಾದ ಆ 25% ಸೀಟು ಈ ಹಕ್ಕಿನ ಒಂದು ಮೂಲೆ ಮಾತ್ರ ಎಂದು.

ಶಾಲೆಯ ಬಾಗಿಲಿಗಾಗಿ ನಡೆದ ಜಗಳ ನಮ್ಮ ನೆಲದಲ್ಲೇ ಹಳೆಯದು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಎಂಬ ದಲಿತ ಜಾತಿಯ ಒಬ್ಬ ಹುಡುಗನ ಅರ್ಜಿ ಬಂತು. ನ್ಯಾಯ ಅವನ ಕಡೆಗಿದೆ ಎಂದು ಬಾಂಬೆ ಸರ್ಕಾರ ಬರವಣಿಗೆಯಲ್ಲೇ ಒಪ್ಪಿತು, ಪ್ರವೇಶ ಮಾತ್ರ ಕೊಡಲಿಲ್ಲ. ಒಬ್ಬಿಬ್ಬರಿಗಾಗಿ ತಲೆಮಾರುಗಳ ನಂಬಿಕೆಗೆ ಕೈಹಾಕಿದರೆ ಶಿಕ್ಷಣಕ್ಕೇ ಪೆಟ್ಟು ಎಂಬುದು ಅದರ ಸಮಜಾಯಿಷಿ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿಯೇ ಬೇರೆ ಶಾಲೆ ತೆರೆದದ್ದು ಇಂಥ ಮುಚ್ಚಿದ ಬಾಗಿಲುಗಳ ಕಾಲದಲ್ಲಿ. ಸಂವಿಧಾನ ಬಂದಾಗ 45ನೇ ವಿಧಿ 14 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು 10 ವರ್ಷದ ಗಡುವು ಹಾಕಿತು. ಆದರೆ ಅದು ನಿರ್ದೇಶಕ ತತ್ವ, ಕೊಡದಿದ್ದರೆ ಕೋರ್ಟಿಗೆ ಹೋಗುವಂತಿರಲಿಲ್ಲ. 1960 ಬಂದು ಹೋಯಿತು. ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಮೊದಲು ಹೇಳಿದ್ದು 1992ರ ಮೋಹಿನಿ ಜೈನ್ ಪ್ರಕರಣದಲ್ಲಿ. ಅದು ಹುಟ್ಟಿದ್ದೂ ಕರ್ನಾಟಕದಲ್ಲೇ, ವೈದ್ಯಕೀಯ ಸೀಟಿನ ಶುಲ್ಕದ ತಕರಾರಿನಿಂದ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. 2002ರಲ್ಲಿ ಈ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದ 86ನೇ ತಿದ್ದುಪಡಿ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ.

ಕಾಯ್ದೆಯಲ್ಲಿ ಆ 25% ಸೀಟಿನ ಸೆಕ್ಷನ್ 12(1)(ಸಿ) ಮಾತ್ರ ಜನರ ಬಾಯಲ್ಲಿ ಉಳಿಯಿತು. ಊರೂರಲ್ಲಿ ‘ಆರ್‌ಟಿಇ’ ಎಂದರೆ ಖಾಸಗಿ ಶಾಲೆಯ ಉಚಿತ ಸೀಟು ಎಂದೇ ಅರ್ಥವಾಯಿತು. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ 4ನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆ ಸೀಟು ಕೊಡಬೇಕಿಲ್ಲ ಎಂದಿತು. ಹೈಕೋರ್ಟ್ ಅದೇ ವರ್ಷದ ಮೇನಲ್ಲಿ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ 2024ರಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ರದ್ದು ಮಾಡಿತು. ನನ್ನನ್ನು ಕೇಳಿದರೆ ನಮ್ಮ ಸರ್ಕಾರ ಮಾಡಿದ್ದು ತಪ್ಪು. ಸರ್ಕಾರಿ ಶಾಲೆಗಳನ್ನು ಮೊದಲು ಸರಿಮಾಡಿ ಆಮೇಲೆ ಆ ಬಾಗಿಲು ಮುಚ್ಚಬೇಕಿತ್ತು. ಆದರೆ ಆ ವ್ಯಾಜ್ಯ ಹೂಡಿ ಗೆಲ್ಲುವಷ್ಟರಲ್ಲಿ ನಿಮ್ಮ ಮಗಳು ಹೈಸ್ಕೂಲಿಗೆ ಬಂದಿರುತ್ತಾಳೆ.

ನಿಮ್ಮ ಕೈಯಲ್ಲಿರುವ ನಿಜವಾದ ಅಸ್ತ್ರ ಕಾಯ್ದೆಯ ಕೊನೆಯಲ್ಲಿರುವ ಅನುಸೂಚಿ. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 150ಕ್ಕೆ 5. ಅದಕ್ಕೂ ಮೇಲಾದರೆ ಐವರ ಜೊತೆ ಮುಖ್ಯಶಿಕ್ಷಕರು ಬೇಕು. ಆರರಿಂದ ಎಂಟಕ್ಕೆ ಕನಿಷ್ಠ ತರಗತಿಗೊಬ್ಬರು, 35 ಮಕ್ಕಳಿಗೊಬ್ಬರು, ಅವರಲ್ಲಿ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರಾದರೂ ಇರಬೇಕು. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಕುಡಿಯುವ ನೀರು, ಕಾಂಪೌಂಡ್, ಆಟದ ಮೈದಾನ. ಪ್ರಾಥಮಿಕಕ್ಕೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ. ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ 10%ಗಿಂತ ಹೆಚ್ಚು ಖಾಲಿ ಇಡಬಾರದು ಎಂದು ಸೆಕ್ಷನ್ 26 ಹೇಳುತ್ತದೆ.

ಪೋಷಕರು ಸೋಲುವುದು ಒಂದೇ ತಪ್ಪಿನಿಂದ, ಅದನ್ನು ಬಿಡಿಸಿ ಹೇಳುತ್ತೇನೆ. ‘ಶಾಲೆಯಲ್ಲಿ ಮೇಷ್ಟ್ರಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂದು ಐವತ್ತು ಸಹಿ ಹಾಕಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡುತ್ತಾರೆ. ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ, ಕಡತ ಮುಗಿಯುತ್ತದೆ. ಮುಗಿಯಲು ಕಾರಣ ಅಧಿಕಾರಿಯ ಕಲ್ಲುಮನಸ್ಸಲ್ಲ, ಆ ಅರ್ಜಿಯಲ್ಲಿ ಲೆಕ್ಕವಿಲ್ಲ. ಕಚೇರಿಯ ಕಾಗದದಲ್ಲಿ ಶಾಲೆಗೆ 3 ಮಂದಿ ಇದ್ದಾರೆ ಎಂದಿರುತ್ತದೆ. ಅವರಲ್ಲಿ ಒಬ್ಬರು ನಿಯೋಜನೆ ಮೇಲೆ ಇನ್ನೊಂದು ಶಾಲೆಯಲ್ಲೋ ಕಚೇರಿಯಲ್ಲೋ ಕೂತಿರುತ್ತಾರೆ, ಸಂಬಳ ಮಾತ್ರ ಈ ಶಾಲೆಯ ಹುದ್ದೆಯಲ್ಲಿ. ಹಾಗಾಗಿ ನಿಮ್ಮ ಕಣ್ಣಿಗೆ ಕೊರತೆ, ಅವರ ಪುಸ್ತಕದಲ್ಲಿ ಭರ್ತಿ. ಮುಖ್ಯಶಿಕ್ಷಕರ ಬಳಿ ನಾಲ್ಕು ಸಂಖ್ಯೆ ಬರೆದುಕೊಳ್ಳಿ: ದಾಖಲಾತಿ, ಮಂಜೂರಾದ ಹುದ್ದೆ, ಕಾರ್ಯನಿರತರು, ನಿಯೋಜನೆ ಮೇಲೆ ಹೋದವರು. ಅರ್ಜಿ ಹೀಗಿರಲಿ: ‘1ರಿಂದ 5ನೇ ತರಗತಿಗೆ 64 ಮಕ್ಕಳಿದ್ದಾರೆ. ಅನುಸೂಚಿಯಂತೆ 3 ಶಿಕ್ಷಕರು ಬೇಕು. ಪಾಠ ಮಾಡುತ್ತಿರುವವರು 2. ಒಬ್ಬರ ನಿಯೋಜನೆ ರದ್ದುಪಡಿಸಿ, ಇಲ್ಲವೇ ಅತಿಥಿ ಶಿಕ್ಷಕರನ್ನು ಕೊಡಿ.’ ಇದಕ್ಕೆ ‘ಪರಿಶೀಲಿಸಲಾಗುವುದು’ ಎಂದು ಬರೆಯುವುದು ಕಷ್ಟ. ದಾಖಲಾತಿ ತೆಗೆದುಕೊಳ್ಳುವಾಗ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿರುವ ಸಂಖ್ಯೆಯನ್ನೇ ನೋಡಿ. ಸೇರಿದ ಮಗುವಿನ ಹೆಸರು ಅಲ್ಲಿ ಏರದಿದ್ದರೆ ಹುದ್ದೆಯ ಲೆಕ್ಕಕ್ಕೆ ಆ ಮಗು ಇಲ್ಲ.

ಈ ಅರ್ಜಿ ಎಸ್‌ಡಿಎಂಸಿ ಠರಾವಿನ ಜೊತೆ ಹೋಗಬೇಕು. ಶಿಕ್ಷಣ ಸುಧಾರಣೆಗೆ ರಾಜ್ಯ ನೇಮಿಸಿದ್ದ ರಾಜಾ ರಾಮಣ್ಣ ಕಾರ್ಯಪಡೆಯ ನಂತರ ನಮ್ಮಲ್ಲಿ 2001ರಿಂದಲೇ ಈ ಸಮಿತಿಗಳಿವೆ, ಕೇಂದ್ರದ ಕಾಯ್ದೆಗಿಂತ ಮೊದಲು. ಸೆಕ್ಷನ್ 21ರ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಮಗಳನ್ನು ಸೇರಿಸಿದ ಮೇಲೆ ಸಮಿತಿ ರಚನೆಯ ಸಭೆಯನ್ನು ತಪ್ಪಿಸಬೇಡಿ. ಎಷ್ಟೋ ಕಡೆ ಯಾರೂ ಬರುವುದಿಲ್ಲ, ಹೆಸರುಗಳನ್ನು ಯಾರೋ ಬರೆದುಬಿಡುತ್ತಾರೆ.

ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಸೆಕ್ಷನ್ 32ರಡಿ ಎಂದು ಮೇಲೆಯೇ ಬರೆಯಿರಿ. ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕು, ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮೊಹರಿನ ದಿನಾಂಕವಿಲ್ಲದಿದ್ದರೆ ಆ 3 ತಿಂಗಳು ಶುರುವಾದದ್ದು ಯಾವಾಗ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ.

ಇಂಗ್ಲಿಷಿನ ಚಿಂತೆಯಿಂದ ಸಾಲದ ಯೋಚನೆ ಬಂದಿದ್ದರೆ, 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದವು, ನಿಮ್ಮ ಸಿಆರ್‌ಪಿಯನ್ನು (ಹತ್ತಿರದ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದರೆ ಹತ್ತಿರದ್ದು ಯಾವುದು ಎಂದು ಹೇಳುತ್ತಾರೆ. ಅನುದಾನಿತ ಶಾಲೆಗಳನ್ನೂ ವಿಚಾರಿಸಿ. ಇಷ್ಟಾದ ಮೇಲೂ ಖಾಸಗಿಯೇ ಬೇಕೆಂದರೆ, ಕ್ಯಾಪಿಟೇಷನ್ ಶುಲ್ಕ (ಶಾಲೆ ಪ್ರಕಟಿಸಿದ ಫೀ ಬಿಟ್ಟು ಕೇಳುವ ಹಣ) ಕೇಳುವುದು, ಮಗುವಿಗೋ ನಿಮಗೋ ಸಂದರ್ಶನ ಮಾಡುವುದು ಸೆಕ್ಷನ್ 13ರಡಿ ಅಪರಾಧ. ಸಂದರ್ಶನಕ್ಕೆ ಮೊದಲ ಸಲ 25,000 ರೂಪಾಯಿವರೆಗೆ, ಮತ್ತೆ ಮಾಡಿದರೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡವಿದೆ. ಮುಂದೆ ಅಲ್ಲಿಂದ ಬಿಡಿಸಿ ಸರ್ಕಾರಿ ಶಾಲೆಗೆ ತರುವಾಗ ಫೀ ಬಾಕಿ ಎಂದು ಟಿಸಿ ತಡೆಹಿಡಿದರೂ ಹೆದರಬೇಡಿ, ಟಿಸಿ ತಡವಾದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸೆಕ್ಷನ್ 5ರಲ್ಲಿದೆ.