ಗಿಡ್ಡತನ ಒಂದೇ, ಕಾರಣ ಬೇರೆ ಬೇರೆ

ಮಾನ್ಯ ಓದುಗರೇ,

ಕಳೆದ ಸಂಚಿಕೆಯ ಗಿಡ್ಡ ತಳಿಗಳ ಲೇಖನವನ್ನು ಓದಿ ತಾವು ಮೂರು ವಿಷಯ ಕೇಳಿದ್ದೀರಿ: ಭತ್ತ ಮತ್ತು ಗೋಧಿಯನ್ನು ಗಿಡ್ಡಗೊಳಿಸಿದ್ದು ಒಂದೇ ವಂಶವಾಹಿಯೇ, ಗಿಡ್ಡವಾದಷ್ಟೂ ಇಳುವರಿ ಹೆಚ್ಚುವುದಾದರೆ ಇನ್ನೂ ಗಿಡ್ಡ ಮಾಡಬಾರದೇಕೆ, ಮತ್ತು ಗಿಡ್ಡ ಜೋಳದ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಎತ್ತರದ ಗಿಡ ಕಂಡರೆ ಬೀಜ ಕಲಬೆರಕೆಯೇ.

ಒಂದೇ ವಂಶವಾಹಿಯಲ್ಲ. ಎರಡು ಬೆಳೆಗಳಲ್ಲೂ ಬದಲಾವಣೆಯಾಗಿರುವುದು ಜಿಬ್ಬರೆಲಿನ್ ಎಂಬ ಹಾರ್ಮೋನಿಗೆ ಸಂಬಂಧಿಸಿಯೇ ಆದರೂ, ಬದಲಾದ ಜಾಗ ಬೇರೆ. ಡೆಲ್ಲಾ ಎಂಬ ಪ್ರೋಟೀನುಗಳು ಗಿಡದ ಬೆಳವಣಿಗೆಗೆ ಸದಾ ಕಡಿವಾಣ ಹಾಕಿರುತ್ತವೆ. ಜಿಬ್ಬರೆಲಿನ್ ದೊರೆತಾಗ ಅವು ನಾಶವಾಗಿ, ಗೆಣ್ಣುಗಳ ನಡುವಿನ ಕಾಂಡ ನೀಳವಾಗುತ್ತದೆ. ತೈವಾನಿನ ಡೀ-ಜಿಯೋ-ವೂ-ಜೆನ್ ತಳಿಯಿಂದ 1966ರ ಐಆರ್-8 ಭತ್ತಕ್ಕೆ ಬಂದ ಎಸ್‌ಡಿ-1 ವಂಶವಾಹಿಯಲ್ಲಿ 383 ಅಕ್ಷರಗಳಷ್ಟು ಡಿಎನ್ಎ ತುಂಡೊಂದು ಕಳಚಿಹೋಗಿದ್ದು, ಜಿಬ್ಬರೆಲಿನ್ ತಯಾರಿಸುವ ಕಿಣ್ವವೊಂದು ಕೆಲಸ ಮಾಡುವುದಿಲ್ಲ. ಹೂ-ತೆನೆಯ ಭಾಗದಲ್ಲಿ ಅದೇ ಕೆಲಸಕ್ಕೆ ಇನ್ನೊಂದು ವಂಶವಾಹಿ ಇರುವುದರಿಂದ ಕಾಂಡ ಮಾತ್ರ ಕುಗ್ಗಿ, ಕಾಳು ಕಟ್ಟುವುದಕ್ಕೆ ತೊಂದರೆಯಾಗುವುದಿಲ್ಲ.

ಗಿಡ್ಡ ಗೋಧಿ ತಳಿಗಳಿಗೆ ಮೂಲವಾದ, ಜಪಾನಿನಲ್ಲಿ 1935ರಲ್ಲಿ ಬಿಡುಗಡೆಯಾದ ನೋರಿನ್-10 ಗೋಧಿಯ ಕಥೆ ಇದಕ್ಕೆ ತಿರುವುಮುರುವು. ಅದರಲ್ಲಿ ಜಿಬ್ಬರೆಲಿನ್‌ಗೆ ಕೊರತೆಯಿಲ್ಲ. ಡೆಲ್ಲಾ ಪ್ರೋಟೀನಿನ ಮುಂಭಾಗ ತುಂಡಾಗಿರುವುದರಿಂದ ಹಾರ್ಮೋನು ಎಷ್ಟಿದ್ದರೂ ಆ ಪ್ರೋಟೀನು ನಾಶವಾಗುವುದಿಲ್ಲ, ಕಡಿವಾಣ ಸಡಿಲುವುದಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ: ಎಳೆಯ ಸಸಿಗಳಿಗೆ ಜಿಬ್ಬರೆಲಿನ್ ಸಿಂಪಡಿಸಿದರೆ ಗಿಡ್ಡ ಭತ್ತ ಎತ್ತರಕ್ಕೇರುತ್ತದೆ, ಈ ಗೋಧಿ ಜಗ್ಗುವುದಿಲ್ಲ. ಮಿಶ್ರತಳಿ ಮಾಡುವವರಿಗೂ ಈ ವ್ಯತ್ಯಾಸ ಮುಖ್ಯ, ಏಕೆಂದರೆ ಎಸ್‌ಡಿ-1 ಅಪ್ರಬಲ ಗುಣ (ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದು), ಗೋಧಿಯದು ಅರೆಪ್ರಬಲ (ಒಂದೇ ಕಡೆಯಿಂದ ಬಂದರೂ ಭಾಗಶಃ ಕಾಣುವಂಥದ್ದು).

ಎರಡನೆಯ ಪ್ರಶ್ನೆಯ ಹಿಂದಿರುವ ಊಹೆಯನ್ನೇ ನಾನು ಒಪ್ಪಲಾರೆ. ಇಳುವರಿ ಹೆಚ್ಚಿದ್ದು ಗಿಡ್ಡತನದ ಮಹಿಮೆಯಿಂದಲ್ಲ. ಸಾರಜನಕ ಗೊಬ್ಬರ ಹಾಕಿದಾಗ ಎತ್ತರದ ಪೈರು ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿತ್ತು, ಗಿಡ್ಡ ಪೈರು ನಿಂತಿತು, ಕಾಂಡಕ್ಕೆ ಹೋಗುತ್ತಿದ್ದ ಆಹಾರದಲ್ಲಿ ಒಂದು ಪಾಲು ಕಾಳಿಗೆ ಸಿಕ್ಕಿತು. ಮಿತಿಮೀರಿ ಕುಗ್ಗಿಸಿದರೆ ಎಲೆಗಳು ಒತ್ತೊತ್ತಾಗಿ ಒಂದಕ್ಕೊಂದು ನೆರಳಾಗುತ್ತವೆ, ಹುಲ್ಲೂ ಕಡಿಮೆಯಾಗುತ್ತದೆ. ನೋರಿನ್ ಮೂಲದ ಗೋಧಿಯಲ್ಲಿ ಮೊಳಕೆಯ ಹೊರಕವಚವೂ ಮೋಟಾಗುವುದರಿಂದ, ತೇವ ಹುಡುಕಿ ಆಳಕ್ಕೆ ಬಿತ್ತಿದ ಬೀಜ ಮೇಲೇಳದೇ ಹೋಗಬಹುದು; ಆ ಕುಂದಿಲ್ಲದ ಬೇರೆ ಗಿಡ್ಡ ವಂಶವಾಹಿಗಳತ್ತ ತಳಿವಿಜ್ಞಾನಿಗಳು ತಿರುಗಿರುವುದು ಇದಕ್ಕಾಗಿಯೇ.

ಇನ್ನು ಜೋಳ. ಅದರ ಡಿಡಬ್ಲ್ಯೂ-3 ವಂಶವಾಹಿಗೆ ಜಿಬ್ಬರೆಲಿನ್‌ನ ಗೊಡವೆಯೇ ಇಲ್ಲ. ಅದರ ಕೆಲಸ ಆಕ್ಸಿನ್ ಎಂಬ ಮತ್ತೊಂದು ಹಾರ್ಮೋನನ್ನು ಸಾಗಿಸುವುದು. ಗಿಡ್ಡ ಜೋಳದಲ್ಲಿ ಈ ವಂಶವಾಹಿಯೊಳಗಿನ 882 ಅಕ್ಷರಗಳ ಭಾಗವೊಂದು ಎರಡು ಸಲ ಬರೆಯಲ್ಪಟ್ಟು ಅದು ನಿಷ್ಕ್ರಿಯವಾಗಿದೆ. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಜೋಡಿಯಾಗದೆ ತುಂಡು ಬದಲಿಸಿಕೊಂಡರೆ ಹೆಚ್ಚಿನ ಪ್ರತಿ ಕಳಚಿಬಿದ್ದು ವಂಶವಾಹಿ ಮತ್ತೆ ಜೀವ ಪಡೆಯುತ್ತದೆ, ಗಿಡ ಎತ್ತರವಾಗುತ್ತದೆ. ಆದ್ದರಿಂದ ಶುದ್ಧ ಬೀಜದಲ್ಲೂ ಇಂಥ ಗಿಡಗಳು ವಿರಳವಾಗಿ ಕಾಣಿಸಿಕೊಳ್ಳುವುದುಂಟು. ಎತ್ತರವೊಂದನ್ನು ಬಿಟ್ಟು ತೆನೆಯ ಆಕಾರ, ಕಾಳಿನ ಬಣ್ಣ, ಹೂ ಬಿಡುವ ಕಾಲ ಎಲ್ಲವೂ ಉಳಿದವುಗಳಂತೆಯೇ ಇದ್ದರೆ ಕಲಬೆರಕೆಗಿಂತ ಇದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

— ಸಂಪಾದಕ