ಕೋರಿ ಮೆಕೇಗ್: 11 ಕೆಜಿ ಎಂದು ಓದಿದ ತೂಕ

ನಿಮ್ಮ ಪ್ರಶ್ನೆ ಎರಡು ಭಾಗದ್ದು. ಬ್ರಿಟಿಷ್ ವಾಯುಪಡೆಯ ಕೋರಿ ಮೆಕೇಗ್ ಕ್ಯಾಮೆರಾಗಳ ನಡುವೆಯೇ ಕಾಣೆಯಾದದ್ದು ಹೇಗೆ, ಅಷ್ಟೊಂದು ಕಸ ಬಗೆದರೂ ಶವ ಯಾಕೆ ಸಿಗಲಿಲ್ಲ. ಶವ ಇವತ್ತಿಗೂ ಸಿಕ್ಕಿಲ್ಲ ಎನ್ನುವುದು ನಿಜ. ಆದರೆ ಏನಾಯಿತೆಂದೇ ಗೊತ್ತಿಲ್ಲ ಎಂದು ಯೂಟ್ಯೂಬಿನಲ್ಲಿ ಹೇಳುವುದು ಸರಿಯಲ್ಲ.

ಕೋರಿಗೆ ಆಗ 23 ವರ್ಷ. ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ಊರಿನವನು, ಇಂಗ್ಲೆಂಡಿನ ಸಫೋಕ್‌ನಲ್ಲಿರುವ ಹಾನಿಂಗ್ಟನ್ ವಾಯುನೆಲೆಯಲ್ಲಿ ಗನ್ನರ್, ಅಂದರೆ ನೆಲದ ಮೇಲೆ ಕೆಲಸ ಮಾಡುವ ಸೈನಿಕ. 2016ರ ಸೆಪ್ಟೆಂಬರ್ 23, ಶುಕ್ರವಾರ ರಾತ್ರಿ ಹತ್ತಿರದ ಬೆರಿ ಸೇಂಟ್ ಎಡ್ಮಂಡ್ಸ್‌ಗೆ ಹೋಗಿದ್ದ. ಚೆನ್ನಾಗಿ ಕುಡಿದಿದ್ದ. ಕ್ಲಬ್ಬಿನಿಂದ ಹೊರಬಂದ ಮೇಲೆ ತಿನ್ನಲು ಏನೋ ಕೊಂಡು, ಒಂದು ಅಂಗಡಿಯ ಬಾಗಿಲಲ್ಲೇ ಸ್ವಲ್ಪ ಹೊತ್ತು ಮಲಗಿದ. ಬೆಳಗಿನ ಜಾವ 3.25ಕ್ಕೆ ಗುಲಾಬಿ ಷರ್ಟು, ಬಿಳಿ ಪ್ಯಾಂಟು ತೊಟ್ಟ ಆತ ಬ್ರೆಂಟ್‌ಗೋವೆಲ್ ಬೀದಿಯಿಂದ ಅಂಗಡಿಗಳ ಹಿಂಬದಿಗೆ ತಿರುಗುವುದು ಸಿಸಿಟಿವಿಯಲ್ಲಿದೆ. ಅದು ಕುದುರೆ ಲಾಳದ ಆಕಾರದ ಅಂಗಳ. ಸರಕು ಇಳಿಸುವುದು, ಕಸದ ದೊಡ್ಡ ತೊಟ್ಟಿಗಳನ್ನು ಇಡುವುದು ಅಲ್ಲೇ. ಒಳಗೆ ಹೋದದ್ದು ಕಾಣುತ್ತದೆ. ನಡೆದುಕೊಂಡು ಹೊರಗೆ ಬಂದದ್ದು ಮಾತ್ರ ಯಾವ ಕ್ಯಾಮೆರಾದಲ್ಲೂ ಇಲ್ಲ. ವಾರಾಂತ್ಯವಾದ್ದರಿಂದ ಯಾರೂ ಹುಡುಕಲಿಲ್ಲ. ಸೋಮವಾರ ಕೆಲಸಕ್ಕೆ ಬರದಿದ್ದಾಗಲೇ ದೂರು ಹೋಯಿತು.

ಈಗ ಲಾರಿಯ ವಿಷಯ. ಆವತ್ತು ಸುಮಾರು 4.20ಕ್ಕೆ ಅಲ್ಲಿಯ ತೊಟ್ಟಿಯೊಂದನ್ನು ಕಸದ ಲಾರಿ ಎತ್ತಿ ಸುರಿದುಕೊಂಡಿತು. ಕೋರಿಯ ಫೋನಿನ ಸಿಗ್ನಲ್ ಅದೇ ಹೊತ್ತಿಗೆ ಸುಮಾರು 19 ಕಿ.ಮೀ. ದೂರದ ಬಾರ್ಟನ್ ಮಿಲ್ಸ್ ಕಡೆಗೆ ಸಾಗಿತು, ಲಾರಿ ಹೋದ ದಾರಿಯೂ ಅದೇ. ಟವರ್ ಸಿಗ್ನಲ್ ಎಂದರೆ ಫೋನು ಯಾವ ಪ್ರದೇಶದಲ್ಲಿದೆ ಎಂದಷ್ಟೇ ಹೇಳುತ್ತದೆ, ಯಾರ ಜೇಬಿನಲ್ಲಿದೆ ಎಂದು ಹೇಳುವುದಿಲ್ಲ. ಆದರೂ ಅಷ್ಟು ಬೇಗ ಅಷ್ಟು ದೂರ ಕಾಲ್ನಡಿಗೆಯಲ್ಲಿ ಹೋಗಲಾಗದು. ಜೊತೆಗೆ, ಕುಡಿದಾಗ ಕಸದ ಚೀಲಗಳ ಮೇಲೆ ಮಲಗುವ ಅಭ್ಯಾಸ ಆತನಿಗಿತ್ತೆಂಬುದೂ ತಿಳಿದುಬಂತು.

ಇಷ್ಟಿದ್ದೂ ತನಿಖೆ ಲಾರಿಯಿಂದ ಆಚೆ ಸರಿದದ್ದಕ್ಕೆ ಕಾರಣ ಒಂದೇ ಅಂಕಿ. ಆ ತೊಟ್ಟಿಯ ಕಸ ಸುಮಾರು 11 ಕೆಜಿ ಎಂದು ಪೊಲೀಸರಿಗೆ ಮಾಹಿತಿ ಬಂದಿತ್ತು. ಬೆಳೆದ ಗಂಡಸು ಅದರೊಳಗೆ ಇರಲು ಸಾಧ್ಯವೇ ಇಲ್ಲ ಎಂಬ ತೀರ್ಮಾನ ಅದರಿಂದ ಸಹಜವಾಗಿಯೇ ಬಂತು. ತಿಂಗಳುಗಳ ನಂತರ, 2017ರ ಮಾರ್ಚ್‌ನಲ್ಲಿ, ಆ ಲೆಕ್ಕ ತಪ್ಪೆಂದೂ ನಿಜವಾದ ತೂಕ 100 ಕೆಜಿಗಿಂತ ಹೆಚ್ಚೆಂದೂ ಹೊರಬಿತ್ತು. ಬೇಕೆಂದು ಮುಚ್ಚಿಟ್ಟದ್ದಲ್ಲ, ದಾಖಲೆ ಓದುವುದರಲ್ಲಿ ಆದ ತಪ್ಪು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ನೋವು ಕೊಡುವ ಸಂಗತಿ ಇದೇ. ಕ್ಯಾಮೆರಾ, ಫೋನು, ಹೊತ್ತು ಮೂರೂ ಒಂದೇ ಕಡೆ ಕೈ ತೋರಿಸುತ್ತಿದ್ದಾಗ ತೂಕದ ಮೂಲ ದಾಖಲೆಯನ್ನೇ ಮೊದಲ ವಾರದಲ್ಲಿ ತರಿಸಿ ನೋಡಬೇಕಿತ್ತು.

ಆ ಕಸ ಹೋಗಿ ಸೇರಿದ್ದ ಕೇಂಬ್ರಿಡ್ಜ್‌ಶೈರಿನ ಮಿಲ್ಟನ್ ಭೂಭರ್ತಿಯಲ್ಲಿ (ಕಸ ಸುರಿದು ಮಣ್ಣು ಮುಚ್ಚುವ ಜಾಗ) ಅಗೆತ ಶುರುವಾದದ್ದು ಅದೇ ಮಾರ್ಚ್ 6ರಂದು, ಆತ ಕಾಣೆಯಾಗಿ ಐದು ತಿಂಗಳು ದಾಟಿದ ಮೇಲೆ. 20 ವಾರ ನಡೆದು ಜುಲೈ 21ಕ್ಕೆ ನಿಂತಿತು. ಬೇರೆ ಪೊಲೀಸ್ ತಂಡ ತನಿಖೆಯನ್ನು ಪರಿಶೀಲಿಸಿದ ನಂತರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಅಗೆದರು. ಒಟ್ಟು 9,000 ಟನ್ನಿಗೂ ಹೆಚ್ಚು ಕಸ ಜಾಲಾಡಿದರು. 2016ರ ಸೆಪ್ಟೆಂಬರ್‌ನ ತಾರೀಖಿದ್ದ ಕಾಗದ, ಪೊಟ್ಟಣಗಳು ಸಿಕ್ಕವು, ಅಂದರೆ ಜಾಗ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಹಾಗಾದರೆ ಯಾಕೆ ಸಿಗಲಿಲ್ಲ? ಲಾರಿಯೊಳಗಿನ ಒತ್ತುಫಲಕ ಕಸವನ್ನು ಮೊದಲೇ ಹಿಂಡಿರುತ್ತದೆ. ಭೂಭರ್ತಿಯಲ್ಲಿ ಹತ್ತಾರು ಟನ್ ತೂಕದ, ಉಕ್ಕಿನ ಹಲ್ಲಿನ ಚಕ್ರಗಳ ಯಂತ್ರ ಅದನ್ನು ಎಳೆದು ಹರಡಿ ತುಳಿಯುತ್ತದೆ, ಮೇಲೆ ಹೊಸ ಕಸ, ಮಣ್ಣು ಬೀಳುತ್ತದೆ. ಹೀಗಾಗಿ ಒಂದು ಲಾರಿಯ ಕಸ ಒಂದೇ ಕಡೆ ಉಳಿಯುವುದಿಲ್ಲ. ಒಳಗಿನ ಶಾಖ, ಕೊಳೆತ, ರಸದಲ್ಲಿ ಐದಾರು ತಿಂಗಳು ಬಹಳ ದೊಡ್ಡ ಅವಧಿ.

ಕೊಲೆ, ಅಪಹರಣ, ಸೈನ್ಯದಿಂದ ತಪ್ಪಿಸಿಕೊಂಡು ಓಡಿಹೋದ ಎಂಬ ಮಾತುಗಳಿಗೆ ಯಾವ ಪುರಾವೆಯೂ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಶವವಿಲ್ಲದೆ ಮರಣ ವಿಚಾರಣೆ ನಡೆಸಲು ಮುಖ್ಯ ಕರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿಗಳ ಮುಖ್ಯಸ್ಥ) ಅನುಮತಿ ಬೇಕು. ಅದು ಸಿಕ್ಕಿ, 2022ರ ಮಾರ್ಚ್‌ನಲ್ಲಿ ಜ್ಯೂರಿ ಎಲ್ಲವನ್ನೂ ಕೇಳಿ ಹೀಗೆ ಹೇಳಿತು: ಕೋರಿ ತೊಟ್ಟಿಯೊಳಗೆ ಹೋಗಿದ್ದ, ಲಾರಿ ಅದನ್ನು ಸುರಿದುಕೊಂಡ 4.20ರ ಸುಮಾರಿಗೆ, ಒತ್ತಡದಿಂದ ಉಸಿರುಕಟ್ಟಿ, ಹಲವು ಗಾಯಗಳೊಂದಿಗೆ ಸತ್ತ. ಕುಡಿತದಿಂದ ವಿವೇಚನೆ ಕುಂದಿತ್ತು ಎಂದ ಜ್ಯೂರಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ತೊಟ್ಟಿಯ ಬೀಗ ಪ್ರಯೋಜನಕ್ಕೆ ಬರುವಂತಿರಲಿಲ್ಲ, ಸುರಿಯುವ ಮೊದಲು ಒಳಗೆ ಯಾರಾದರೂ ಇದ್ದಾರೆಯೇ ಎಂದು ಸರಿಯಾಗಿ ನೋಡಲಿಲ್ಲ, ಲಾರಿಯಲ್ಲಿ ನೋಡುವುದಕ್ಕೆಂದೇ ಇದ್ದ ಪರ್ಸ್ಪೆಕ್ಸ್ (ಪಾರದರ್ಶಕ ಪ್ಲಾಸ್ಟಿಕ್) ಕಿಟಕಿಯಿಂದ ಒಳಗಿನದು ಚೆನ್ನಾಗಿ ಕಾಣುತ್ತಿರಲಿಲ್ಲ ಎಂದೂ ಬರೆಯಿತು.